ಒಂದೇ ನೆಲ, ಎರಡು ಆಟ: ಹೈರೂಲ್‌ನಲ್ಲಿ ದೂರದ ಅರ್ಥ ಬದಲಾದ ಬಗೆ

'ಬ್ರೆತ್ ಆಫ್ ದ ವೈಲ್ಡ್' ಎಂಬ ವಿಡಿಯೊ ಆಟದಲ್ಲಿ, ಹೈರೂಲ್ ಎಂಬ ಕಾಲ್ಪನಿಕ ನಾಡಿನ ನಕ್ಷೆಯ ಒಂದು ಭಾಗ ತೆರೆದುಕೊಳ್ಳಬೇಕಾದರೆ ಆ ಪ್ರದೇಶದ ಗೋಪುರವನ್ನು ಆಟಗಾರನೇ ಹತ್ತಬೇಕು. ಹತ್ತುತ್ತಿದ್ದಂತೆ ಆಟದ ನಾಯಕ ಲಿಂಕ್‌ನ ದಮ್ಮನ್ನು ತೋರಿಸುವ ಹಸಿರು ಚಕ್ರ ಕರಗುತ್ತದೆ. ನಡುನಡುವೆ ಸಿಗುವ ಕಟ್ಟೆಗಳ ಮೇಲೆ ನಿಂತು ಸುಧಾರಿಸಿಕೊಂಡು ಮತ್ತೆ ಹತ್ತಬೇಕು. ಒಂದು ಗೋಪುರಕ್ಕೆ ಮುಳ್ಳುಬಳ್ಳಿ ಸುತ್ತಿಕೊಂಡಿದ್ದರೆ ಇನ್ನೊಂದಕ್ಕೆ ಮಂಜುಗಡ್ಡೆ ಮೆತ್ತಿಕೊಂಡಿರುತ್ತದೆ. ಅದರ ಉತ್ತರಭಾಗವಾದ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಆಟದಲ್ಲಿ ಗೋಪುರವನ್ನು ಹತ್ತುವ ಕೆಲಸವೇ ಇಲ್ಲ. ಬುಡದಲ್ಲಿರುವ ಒಂದು ಸಣ್ಣ ತೊಡಕನ್ನು ಬಿಡಿಸಿ ಒಳಗೆ ನಿಂತರೆ ಸಾಕು, ಗೋಪುರವೇ ಲಿಂಕ್‌ನನ್ನು ಆಕಾಶಕ್ಕೆ ಚಿಮ್ಮಿಸುತ್ತದೆ; ಅಲ್ಲಿಂದ ಪ್ಯಾರಾಗ್ಲೈಡರ್ ಬಿಚ್ಚಿ ಮನಸ್ಸು ಬಂದ ಕಡೆಗೆ ತೇಲಿಕೊಂಡು ಹೋಗಬಹುದು. ಎರಡೂ ಆಟಗಳಲ್ಲಿ ಇಂಥ ಗೋಪುರಗಳು 15. ಅವು ನಿಂತಿರುವ ನೆಲವೂ ಬಹುಮಟ್ಟಿಗೆ ಒಂದೇ. ಆದರೂ ಆ ನೆಲವನ್ನು ದಾಟುವ ಅನುಭವ ಒಂದೇ ಅಲ್ಲ.

ಮೊದಲನೆಯ ಆಟ 2017ರ ಮಾರ್ಚ್ 3ರಂದು ನಿಂಟೆಂಡೊ ಸ್ವಿಚ್ ಮತ್ತು ವೀ ಯು ಯಂತ್ರಗಳಿಗೆ ಬಂದಿತು. ಎರಡನೆಯದು ಆರು ವರ್ಷಗಳ ನಂತರ, 2023ರ ಮೇ 12ರಂದು ಸ್ವಿಚ್‌ಗೆ ಬಂದಿತು. ಎರಡಕ್ಕೂ ನಿರ್ದೇಶಕರು ಹಿಡೆಮಾರೊ ಫುಜಿಬಯಾಶಿ, ನಿರ್ಮಾಪಕರು ಐಜಿ ಅವೊನುಮಾ. ಮೊದಲನೆಯದು ಮೂರು ಕೋಟಿಗೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಗಿದೆ. ಎರಡನೆಯದು ಮೊದಲ ಮೂರೇ ದಿನಗಳಲ್ಲಿ ಒಂದು ಕೋಟಿಯನ್ನು ದಾಟಿ ಮುಂದೆ ಎರಡು ಕೋಟಿಯ ಗಡಿಯನ್ನೂ ಮೀರಿತು. ವಿಮರ್ಶಕರು ಎರಡನ್ನೂ ಕೊಂಡಾಡಿದರು. ಇಷ್ಟಾದರೂ ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಆಡುವವರ ನಡುವೆ ಇಂದಿಗೂ ಮುಗಿದಿಲ್ಲ, ಮತ್ತು ಆ ಚರ್ಚೆ ಹೆಚ್ಚಾಗಿ ತಪ್ಪು ಜಾಗದಿಂದ ಶುರುವಾಗುತ್ತದೆ ಎಂಬುದು ನನ್ನ ಅನಿಸಿಕೆ. ಎರಡನೆಯದರಲ್ಲಿ ಮೊದಲನೆಯದೆಲ್ಲವೂ ಇದೆ, ಅದರ ಮೇಲೆ ಆಕಾಶವೂ ಪಾತಾಳವೂ ಸೇರಿವೆ, ಹಾಗಾದ ಮೇಲೆ ಅದೇ ದೊಡ್ಡದಲ್ಲವೇ ಎಂದು ಒಂದು ಪಕ್ಷ ಕೇಳುತ್ತದೆ. ಆದರೆ ಆಟವೆಂಬುದು ಉಗ್ರಾಣದ ಪಟ್ಟಿಯಲ್ಲ. ಒಂದು ಹೊಸ ಶಕ್ತಿಯನ್ನು ಆಟಗಾರನ ಕೈಗೆ ಕೊಟ್ಟ ಕೂಡಲೇ ಹಳೆಯ ಅಡೆತಡೆಗಳಲ್ಲಿ ಕೆಲವು ಅಡೆತಡೆಗಳಾಗಿ ಉಳಿಯುವುದಿಲ್ಲ, ಮತ್ತು ಮೊದಲನೆಯ ಆಟದ ಸೊಗಸು ಬಹುಪಾಲು ಆ ಅಡೆತಡೆಗಳಲ್ಲಿಯೇ ಇತ್ತು. ಇದು ಹೇಗೆಂದು ತಿಳಿಯಲು ಮೊದಲನೆಯ ಆಟದ ಒಳಗಿನ ಕಟ್ಟಡವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ಇವೆರಡೂ ಸೇರಿರುವ 'ದ ಲೆಜೆಂಡ್ ಆಫ್ ಜೆಲ್ಡಾ' ಸರಣಿ 1986ರಲ್ಲಿ ಆರಂಭವಾದಾಗ ಅದು ಎತ್ತ ಬೇಕಾದರೂ ಅಲೆಯಬಹುದಾದ ಆಟವಾಗಿತ್ತು. ದಶಕಗಳು ಕಳೆದಂತೆ ಅದರ ಸುತ್ತ ಒಂದು ಗಟ್ಟಿಯಾದ ಕ್ರಮ ಬೆಳೆಯಿತು: ಒಂದು ನೆಲಮಾಳಿಗೆಯನ್ನು ಗೆದ್ದರೆ ಒಂದು ಹತ್ಯಾರು ಸಿಗುತ್ತದೆ, ಆ ಹತ್ಯಾರು ಮುಂದಿನ ಪ್ರದೇಶದ ಬೀಗವನ್ನು ತೆರೆಯುತ್ತದೆ, ಅಲ್ಲಿ ಮತ್ತೊಂದು ನೆಲಮಾಳಿಗೆ. 'ಬ್ರೆತ್ ಆಫ್ ದ ವೈಲ್ಡ್' ಈ ಸರಪಳಿಯನ್ನು ಕಡಿಯಿತು. ಗ್ರೇಟ್ ಪ್ಲಾಟೋ ಎಂಬ, ಸುತ್ತಲೂ ಕಡಿದಾದ ಗೋಡೆಗಳಿರುವ ಎತ್ತರದ ಬಯಲಿನಲ್ಲಿ ಶ್ರೈನ್‌ಗಳೆಂಬ, ಒಗಟುಗಳಿರುವ ನಾಲ್ಕು ಪುಟ್ಟ ಗುಡಿಗಳನ್ನು ಮುಗಿಸಿದರೆ ಬಾಂಬ್, ಲೋಹವನ್ನು ಎತ್ತುವ ಮ್ಯಾಗ್ನೆಸಿಸ್, ವಸ್ತುಗಳನ್ನು ಕಾಲದಲ್ಲಿ ನಿಲ್ಲಿಸುವ ಸ್ಟೇಸಿಸ್, ನೀರಿನಿಂದ ಮಂಜಿನ ಕಂಬ ಎಬ್ಬಿಸುವ ಕ್ರಯೋನಿಸ್ ಇವೆಲ್ಲವೂ ಕೈಸೇರುತ್ತವೆ. ಆಮೇಲೆ ಪ್ಯಾರಾಗ್ಲೈಡರ್ ಸಿಗುತ್ತದೆ. ಅಲ್ಲಿಗೆ ಬೀಗಗಳು ಮುಗಿದವು. ದೂರದಲ್ಲಿ ಕಾಣುವ ಕೋಟೆಗೆ ನೇರವಾಗಿ ಹೋಗಿ ಕೊನೆಯ ಶತ್ರುವನ್ನು ಎದುರಿಸುವುದಕ್ಕೂ ಯಾರೂ ಅಡ್ಡಿಪಡಿಸುವುದಿಲ್ಲ. ಪಳಗಿದ ಆಟಗಾರರು ಇಡೀ ಆಟವನ್ನು ಅರ್ಧ ಗಂಟೆಯೊಳಗೆ ಮುಗಿಸಿ ತೋರಿಸಿದ್ದಾರೆ.

ಬೀಗಗಳಿಲ್ಲದ ಜಗತ್ತಿನಲ್ಲಿ ಆಟಗಾರನನ್ನು ಮುನ್ನಡೆಸುವುದು ಯಾವುದು? ಇದಕ್ಕೆ ನಿರ್ಮಾಪಕರು ಕಂಡುಕೊಂಡ ಉತ್ತರವೇ ನೆಲದ ಆಕಾರ. 2017ರಲ್ಲಿ ಜಪಾನಿನಲ್ಲಿ ನಡೆದ ಆಟ ನಿರ್ಮಾಪಕರ ಸಮ್ಮೇಳನದಲ್ಲಿ ಅವರು ತಮ್ಮ ತ್ರಿಕೋನ ಸೂತ್ರವನ್ನು ವಿವರಿಸಿದರು. ಬೆಟ್ಟ, ದಿಬ್ಬ, ಬಂಡೆ ಮೊದಲಾದ ತ್ರಿಕೋನಾಕಾರಗಳು ಎರಡು ಕೆಲಸ ಮಾಡುತ್ತವೆ: ಹಿಂದಿರುವುದನ್ನು ಮರೆಮಾಡುತ್ತವೆ, ಮತ್ತು ಏರಿ ಹೋಗುವುದೋ ಬಳಸಿ ಹೋಗುವುದೋ ಎಂಬ ಆಯ್ಕೆಯನ್ನು ಮುಂದಿಡುತ್ತವೆ. ಬಳಸಿ ಹೋದವನಿಗೆ ಆ ಬದಿಯಲ್ಲಿ ಒಂದು ಕುದುರೆಲಾಯ ಕಣ್ಣಿಗೆ ಬೀಳುತ್ತದೆ, ಏರಿದವನಿಗೆ ಮೇಲಿನಿಂದ ಇನ್ನೂ ದೂರದ ಒಂದು ಶ್ರೈನ್ ಕಾಣುತ್ತದೆ, ಹೊರಟ ಗುರಿ ಮರೆತು ಹೋಗುತ್ತದೆ. ಊರಿನಿಂದ ಊರಿಗೆ, ಗುರುತಿನಿಂದ ಗುರುತಿಗೆ ಎಷ್ಟು ಅಂತರವಿರಬೇಕು ಎಂಬುದನ್ನು ಅಳೆಯಲು ಫುಜಿಬಯಾಶಿ ಅವರು ತಮಗೆ ಚೆನ್ನಾಗಿ ಗೊತ್ತಿದ್ದ ಕ್ಯೋಟೊ ನಗರದ ನಕ್ಷೆಯನ್ನೇ ಆಟದ ನೆಲದ ಮೇಲೆ ಇಟ್ಟು ನೋಡಿದ್ದರು. ಅಂದರೆ ಈ ಆಟದಲ್ಲಿ ದೂರವೆಂಬುದು ಸುಮ್ಮನೆ ಬಿಟ್ಟ ಖಾಲಿ ಜಾಗವಲ್ಲ, ಲೆಕ್ಕ ಹಾಕಿ ಕಟ್ಟಿದ ವಸ್ತು.

ಆ ದೂರಕ್ಕೆ ಬೆಲೆ ಬರುವುದು ದಮ್ಮಿನ ಚಕ್ರದಿಂದ. ಯಾವ ಬಂಡೆಯನ್ನಾದರೂ ಹತ್ತಬಹುದು, ಆದರೆ ಚಕ್ರ ಖಾಲಿಯಾದರೆ ಬೀಳುತ್ತೇವೆ. ಹಾಗಾಗಿ ಬೆಟ್ಟದ ಬುಡದಲ್ಲಿ ನಿಂತು ಮುಖವೆತ್ತಿ, ಎಲ್ಲಿ ಒಂದು ಚಾಚು ಇದೆ, ಎಲ್ಲಿ ನಿಂತು ಉಸಿರಾಡಬಹುದು ಎಂದು ದಾರಿಯನ್ನು ಓದಬೇಕಾಗುತ್ತದೆ. ಮಳೆ ಬಂದರೆ ಬಂಡೆ ಜಾರುತ್ತದೆ. ಈ ಮಳೆಯನ್ನು ಶಪಿಸದ ಆಟಗಾರನೇ ಇಲ್ಲವೆನ್ನಬಹುದು. ಆದರೂ ನಿರ್ಮಾಪಕರು ಅದನ್ನು ಎಷ್ಟು ಎಚ್ಚರದಿಂದ ಬಳಸಿದ್ದಾರೆ ಎಂಬುದಕ್ಕೆ ಝೋರಾ ಜನರ ನಾಡಿನ ದಾರಿ ಸಾಕ್ಷಿ. ಅಲ್ಲಿ ಕಥೆಯ ಕಾರಣದಿಂದ ಮಳೆ ನಿಲ್ಲುವುದೇ ಇಲ್ಲ, ಹತ್ತಲು ಆಗುವುದಿಲ್ಲ, ಆದ್ದರಿಂದ ನದಿಯ ಕಣಿವೆಯ ಪಕ್ಕದ ದಾರಿಯನ್ನೇ ಹಿಡಿದು, ವಿದ್ಯುತ್ ಬಾಣ ಹೂಡಿ ಕಾದಿರುವ ಶತ್ರುಗಳ ನಡುವೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಎಲ್ಲೆಡೆ ಸ್ವಾತಂತ್ರ್ಯ ಕೊಟ್ಟ ಆಟ ಒಂದು ಕಡೆ ಮಾತ್ರ, ಒಂದೇ ಒಂದು ಬೀಗವನ್ನೂ ಹಾಕದೆ, ಬರೀ ಹವಾಮಾನದಿಂದ ನಮ್ಮನ್ನು ದಾರಿಗೆ ಕಟ್ಟಿಹಾಕುತ್ತದೆ. ಕಣಿವೆ ಮುಗಿದು ಆ ನೀಲಿ ನಗರ ಕಾಣಿಸಿಕೊಳ್ಳುವ ಹೊತ್ತಿಗೆ ಅಲ್ಲಿಗೆ ತಲುಪಿದ್ದೇವೆಂಬ ಭಾವ ನಿಜವಾಗಿಯೂ ಮೈಗೆ ಬಂದಿರುತ್ತದೆ.

ಹವಾಮಾನ, ಬೆಂಕಿ, ನೀರು ಇವೆಲ್ಲ ಹೀಗೆ ಆಟದ ಅಂಗಗಳಾಗಿ ದುಡಿಯುವುದರ ಹಿಂದೆ ಒಂದು ಚೊಕ್ಕ ನಿಯಮವ್ಯವಸ್ಥೆಯಿದೆ. ನಿರ್ಮಾಪಕರು ಅದನ್ನು ರಸಾಯನ ಎಂಜಿನ್ ಎಂದು ಕರೆದರು; ಎಂಜಿನ್ ಎಂದರೆ ಇಲ್ಲಿ ಲೆಕ್ಕ ಹಾಕುವ ತಂತ್ರಾಂಶ. ಭೌತ ಎಂಜಿನ್ ಎಂಬುದು ವಸ್ತುಗಳ ಚಲನೆಯನ್ನು ಲೆಕ್ಕ ಹಾಕುತ್ತದೆ: ಕಲ್ಲು ಉರುಳುವುದು, ಮರ ಬೀಳುವುದು. ರಸಾಯನ ಎಂಜಿನ್ ವಸ್ತುಗಳ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಅದರ ನಿಯಮಗಳು ಮೂರೇ. ಬೆಂಕಿ, ನೀರು, ಗಾಳಿ, ವಿದ್ಯುತ್ತು, ಮಂಜು ಮೊದಲಾದ ಮೂಲಧಾತುಗಳು ವಸ್ತುಗಳ ಸ್ಥಿತಿಯನ್ನು ಬದಲಿಸಬಲ್ಲವು. ಒಂದು ಧಾತು ಇನ್ನೊಂದು ಧಾತುವಿನ ಸ್ಥಿತಿಯನ್ನೂ ಬದಲಿಸಬಲ್ಲದು. ವಸ್ತುಗಳು ಮಾತ್ರ ಒಂದನ್ನೊಂದು ಬದಲಿಸಲಾರವು. ಬೆಂಕಿ ಹುಲ್ಲಿಗೆ ತಗುಲಿದರೆ ಹುಲ್ಲು ಉರಿಯುತ್ತದೆ, ಉರಿಯುವ ಹುಲ್ಲಿನಿಂದ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಯಲ್ಲಿ ಪ್ಯಾರಾಗ್ಲೈಡರ್ ಬಿಚ್ಚಿದರೆ ಮೇಲಕ್ಕೆ ಏರಬಹುದು. ಸಿಡಿಲಿನ ಮಳೆಯಲ್ಲಿ ಲೋಹದ ಕತ್ತಿ ಹೊತ್ತವನ ಮೇಲೆ ಸಿಡಿಲು ಬೀಳುತ್ತದೆ, ಹಾಗೆಂದು ತಿಳಿದವನು ಆ ಕತ್ತಿಯನ್ನು ಶತ್ರುಗಳ ನಡುವೆ ಎಸೆದು ದೂರ ನಿಲ್ಲುತ್ತಾನೆ. ಇಂಥ ಪ್ರಸಂಗಗಳಿಗೆ ಒಂದೊಂದಾಗಿ ಸೂಚನೆ ಬರೆಯುವ ಬದಲು ನಿಯಮಗಳನ್ನು ಬರೆದು, ಅವು ಒಂದನ್ನೊಂದು ಗುಣಿಸಿಕೊಂಡು ಬೆಳೆಯಲು ಬಿಟ್ಟದ್ದು ಈ ಆಟದ ದೊಡ್ಡ ಸಾಧನೆ. ವಿಚಾರ ಫಲಿಸುತ್ತದೆಯೇ ಎಂದು ನೋಡಲು ತಂಡವು ಮೊದಲು ಹಳೆಯ ಕಾಲದ ಜೆಲ್ಡಾ ಆಟದಂತೆ ಕಾಣುವ ಚಪ್ಪಟೆ ಚಿತ್ರಗಳ ಒಂದು ಮಾದರಿಯನ್ನೇ ಮಾಡಿಕೊಂಡಿತ್ತು.

ಈಗ ಎರಡನೆಯ ಆಟಕ್ಕೆ ಬರೋಣ. 2019ರಲ್ಲಿ ಇದನ್ನು ಮೊದಲ ಬಾರಿಗೆ ಪ್ರಕಟಿಸಿದ ಸಮಯದಲ್ಲಿ ಅವೊನುಮಾ ಅವರು ಹೇಳಿದ ಪ್ರಕಾರ, ಮೊದಲನೆಯ ಆಟಕ್ಕೆ ಹೆಚ್ಚುವರಿ ಭಾಗಗಳನ್ನು ಮಾಡುವಾಗ ಹುಟ್ಟಿದ ವಿಚಾರಗಳು ಅಲ್ಲಿ ಹಿಡಿಸಲಾರದಷ್ಟಾದ್ದರಿಂದ ಹೊಸ ಆಟವೇ ಬೇಕಾಯಿತು. ನೆಲ ಅದೇ ಇರಲಿ, ಆ ನೆಲದ ಮೇಲೆ ಮಾಡಬಹುದಾದ ಕೆಲಸ ಬೇರೆಯಾಗಲಿ ಎಂದು ತಂಡ ತೀರ್ಮಾನಿಸಿತು. ಹಳೆಯ ನಾಲ್ಕು ಶಕ್ತಿಗಳನ್ನು ಒಂದೂ ಉಳಿಸದೆ ತೆಗೆದು ನಾಲ್ಕು ಹೊಸ ಶಕ್ತಿಗಳನ್ನು ಕೊಟ್ಟಿತು. ಅಲ್ಟ್ರಾಹ್ಯಾಂಡ್ ಎಂಬುದು ಬಿಡಿ ವಸ್ತುಗಳನ್ನು ಎತ್ತಿ, ತಿರುಗಿಸಿ, ಒಂದಕ್ಕೊಂದು ಅಂಟಿಸುತ್ತದೆ. ಫ್ಯೂಸ್ ಆಯುಧಕ್ಕೆ, ಗುರಾಣಿಗೆ, ಬಾಣಕ್ಕೆ ಇನ್ನೊಂದು ವಸ್ತುವನ್ನು ಬೆಸೆಯುತ್ತದೆ. ರೀಕಾಲ್ ಒಂದು ವಸ್ತುವಿನ ಚಲನೆಯನ್ನು ಹಿಮ್ಮುಖವಾಗಿ ನಡೆಸುತ್ತದೆ. ಅಸೆಂಡ್ ತಲೆಯ ಮೇಲಿನ ಚಾವಣಿಯನ್ನೋ ಬಂಡೆಯನ್ನೋ ತೂರಿಕೊಂಡು ಮೇಲೆದ್ದು ಬರುವಂತೆ ಮಾಡುತ್ತದೆ. ಈ ಕೊನೆಯದು ಮೊದಲಿಗೆ ನಿರ್ಮಾಪಕರು ಗುಹೆಗಳನ್ನು ಪರೀಕ್ಷಿಸಿ ಬೇಗನೆ ಹೊರಬರಲು ತಮಗಾಗಿ ಇಟ್ಟುಕೊಂಡಿದ್ದ ಒಳದಾರಿ. ಅದು ಇಷ್ಟವಾಗಿ ಆಟಗಾರನಿಗೇ ಕೊಟ್ಟುಬಿಟ್ಟರು.

ಅಲ್ಟ್ರಾಹ್ಯಾಂಡ್‌ನ ಹಿಂದಿನ ತಾಂತ್ರಿಕ ಶ್ರಮವನ್ನು ತಿಳಿಯದೆ ಈ ಆಟಕ್ಕೆ ನ್ಯಾಯ ಸಲ್ಲಿಸುವುದು ಕಷ್ಟ. ಸಾಮಾನ್ಯ ಆಟಗಳಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ: ತೂಕ, ವೇಗ, ಘರ್ಷಣೆಗಳ ಲೆಕ್ಕಕ್ಕೆ ಒಳಪಟ್ಟು ಚಲಿಸುವವು ಒಂದು ಬಗೆ, ಮೊದಲೇ ಬರೆದಿಟ್ಟ ಚಲನೆಯನ್ನು ಕಣ್ಣುಮುಚ್ಚಿ ನಡೆಸುವವು ಇನ್ನೊಂದು. ತಾನಾಗಿ ಏರುವ ಬಾಗಿಲು, ಸದಾ ತಿರುಗುವ ಹಲ್ಲುಚಕ್ರ ಎರಡನೆಯ ಬಗೆಗೆ ಸೇರುತ್ತವೆ. ಆಟಗಾರನು ತಾನು ಅಂಟಿಸಿದ ಹಲಗೆಯನ್ನು ಅಂಥ ಚಕ್ರದ ನಡುವೆ ತುರುಕಿದರೆ ಏನಾಗಬೇಕು? ಚಕ್ರಕ್ಕೆ ನಿಲ್ಲುವುದು ಗೊತ್ತಿಲ್ಲ, ಹಲಗೆಗೆ ದಾರಿ ಇಲ್ಲ. ವಸ್ತುಗಳು ಒಂದರೊಳಗೊಂದು ತೂರಿ ಅಸಂಬದ್ಧವಾಗಿ ಸಿಡಿದುಹೋಗುತ್ತವೆ. 2024ರಲ್ಲಿ ನಡೆದ ಆಟ ನಿರ್ಮಾಪಕರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತಂಡದವರು ವಿವರಿಸಿದಂತೆ, ಇದಕ್ಕೆ ಅವರು ಕಂಡ ಪರಿಹಾರ ಬಲು ಕಠಿಣವಾದದ್ದು: ಎರಡನೆಯ ಬಗೆಯ ವಸ್ತುಗಳನ್ನೇ ಇಲ್ಲವಾಗಿಸಿ ಎಲ್ಲವನ್ನೂ ಭೌತ ನಿಯಮಗಳ ಅಡಿಗೆ ತರುವುದು. ಬಾಗಿಲಿಗೂ ತೂಕ ಬಂದಿತು, ಚಕ್ರಕ್ಕೂ ಬಲ ಬಂದಿತು. 2022ರಲ್ಲಿ ಬರಬೇಕಿದ್ದ ಆಟವನ್ನು ಮುಂದಿನ ವರ್ಷಕ್ಕೆ ತಳ್ಳಿದಾಗ ಅದು ಬಹುಪಾಲು ಸಿದ್ಧವಾಗಿಯೇ ಇತ್ತೆಂದೂ ಕೊನೆಯ ವರ್ಷ ಹೆಚ್ಚಾಗಿ ಇದನ್ನೆಲ್ಲ ತಿದ್ದಿ ನಯಗೊಳಿಸುವುದರಲ್ಲಿ ಕಳೆಯಿತೆಂದೂ ಅವೊನುಮಾ ಹೇಳಿದ್ದಾರೆ. 2017ರಲ್ಲಿ ಮಾರುಕಟ್ಟೆಗೆ ಬಂದ, ಬರೀ ನಾಲ್ಕು ಗಿಗಾಬೈಟ್ ಸ್ಮೃತಿಯಿರುವ ಒಂದು ಪುಟ್ಟ ಯಂತ್ರದಲ್ಲಿ, ಆಟಗಾರ ತಾನೇ ಜೋಡಿಸಿದ ಗಾಡಿ ಸೇತುವೆಯ ಮೇಲೆ ಹೋಗುತ್ತದೆ, ಸೇತುವೆ ಭಾರಕ್ಕೆ ತೂಗುತ್ತದೆ, ಎರಡೂ ಮುರಿದು ಬೀಳದೆ ನಿಲ್ಲುತ್ತವೆ. ಇದನ್ನು ಮೊದಲ ಬಾರಿ ಕಂಡಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ.

ಫ್ಯೂಸ್ ಮಾಡಿದ ಉಪಕಾರವನ್ನೂ ಇಲ್ಲಿಯೇ ಹೇಳಬೇಕು. ಮೊದಲನೆಯ ಆಟದಲ್ಲಿ ಹೆಚ್ಚು ದೂರುಗಳಿಗೆ ಕಾರಣವಾದದ್ದು ಆಯುಧಗಳು ಮುರಿಯುವುದು. ಅದರ ಉದ್ದೇಶವೇನೋ ಒಳ್ಳೆಯದಿತ್ತು: ಒಂದೇ ಕತ್ತಿಗೆ ಅಂಟಿಕೊಳ್ಳದೆ ಕೈಗೆ ಸಿಕ್ಕಿದ್ದರಿಂದ ಹೋರಾಡಲಿ, ಬಂಡೆ ಉರುಳಿಸಲಿ, ಬೆಂಕಿ ಹಚ್ಚಲಿ ಎಂಬುದು. ಆದರೆ ಅನೇಕರಿಗೆ ಒಳ್ಳೆಯ ಕತ್ತಿಯನ್ನು ಬಳಸುವುದೇ ನಷ್ಟವೆನಿಸಿ, ಕಾಳಗವನ್ನೇ ತಪ್ಪಿಸಿಕೊಂಡು ಹೋಗುವ ಅಭ್ಯಾಸವಾಯಿತು. ಎರಡನೆಯ ಆಟದಲ್ಲಿಯೂ ಆಯುಧಗಳು ಮುರಿಯುತ್ತವೆ, ಅಷ್ಟೇ ಅಲ್ಲ, ನೆಲದ ಮೇಲಿನ ಹೆಚ್ಚಿನ ಕತ್ತಿಗಳು ಆರಂಭದಲ್ಲಿಯೇ ತುಕ್ಕು ತಿಂದಂತಾಗಿವೆ. ಆದರೆ ಬಲ ಈಗ ಕತ್ತಿಯಲ್ಲಿಲ್ಲ, ಕತ್ತಿಯ ತುದಿಗೆ ಬೆಸೆದ ರಾಕ್ಷಸನ ಕೊಂಬಿನಲ್ಲಿದೆ. ಶತ್ರುವನ್ನು ಗೆದ್ದರೆ ಕೊಂಬು ಸಿಗುತ್ತದೆ, ಕೊಂಬಿನಿಂದ ಹೊಸ ಆಯುಧವಾಗುತ್ತದೆ; ಖರ್ಚು ಮಾಡಿದ್ದಕ್ಕಿಂತ ಗಳಿಸಿದ್ದು ಕಡಿಮೆಯಾಗುವುದಿಲ್ಲ. ಬಾಣಕ್ಕೆ ಬಾವಲಿಯಂಥ ಕೀಸ್ ಪ್ರಾಣಿಯ ಕಣ್ಣನ್ನು ಸಿಕ್ಕಿಸಿದರೆ ಬಾಣ ಗುರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಮೊದಲ ಆಟದಲ್ಲಿ ಚೀಲದಲ್ಲಿ ಸುಮ್ಮನೆ ಬಿದ್ದಿರುತ್ತಿದ್ದ ನೂರಾರು ವಸ್ತುಗಳಿಗೆ ಇಲ್ಲಿ ಕೆಲಸ ಬಂದಿದೆ. ಒಂದು ಹಳೆಯ ದೋಷವನ್ನು ಕಿತ್ತೆಸೆಯದೆ, ಅದರ ಪಕ್ಕದಲ್ಲಿ ಇನ್ನೊಂದು ನಿಯಮವನ್ನಿಟ್ಟು ಅದನ್ನೇ ಗುಣವಾಗಿ ತಿರುಗಿಸಿದ್ದು ಇಡೀ ಉತ್ತರಭಾಗದಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವ ಕೆಲಸ.

ಇನ್ನು ದೂರದ ಮಾತು. ಝೋನಾಯಿ ಜನರ ಯಂತ್ರಭಾಗಗಳೆಂಬ ಹೆಸರಿನಲ್ಲಿ ಫ್ಯಾನು, ಚಕ್ರ, ರಾಕೆಟ್ಟು, ಬಲೂನು, ರೆಕ್ಕೆ, ಚುಕ್ಕಾಣಿ ಮೊದಲಾದವು ಆಟದಲ್ಲಿ ಸಿಗುತ್ತವೆ. ಇವು ದೂರವನ್ನು ಪೂರ್ತಿ ಅಳಿಸಿಹಾಕಬಾರದೆಂಬ ಎಚ್ಚರ ನಿರ್ಮಾಪಕರಿಗೂ ಇತ್ತು. ಅದಕ್ಕೆಂದೇ ಬ್ಯಾಟರಿ ಮುಗಿಯುತ್ತದೆ, ರೆಕ್ಕೆ ಸ್ವಲ್ಪ ಹೊತ್ತು ಹಾರಿ ಮಾಯವಾಗುತ್ತದೆ, ರಾಕೆಟ್ಟೂ ಬಲೂನೂ ಹಾಗೆಯೇ. ಆದರೆ ಫ್ಯಾನಿಗೂ ಚುಕ್ಕಾಣಿಗೂ ಅಂಥ ಗಡುವಿಲ್ಲ. ಆಟ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆಟಗಾರರು ಎರಡು ಫ್ಯಾನುಗಳ ನಡುವೆ ಒಂದು ಚುಕ್ಕಾಣಿಯನ್ನು ಓರೆಯಾಗಿ ಅಂಟಿಸಿ ಹಾರುವ ಬೈಕೊಂದನ್ನು ಕಂಡುಹಿಡಿದರು. ಬರೀ ಮೂರು ಭಾಗ, ಕಡಿಮೆ ಬ್ಯಾಟರಿ, ಯಾವ ಬೆಟ್ಟವನ್ನಾದರೂ ದಾಟುತ್ತದೆ. ಒಮ್ಮೆ ಮಾಡಿದ್ದನ್ನು ನೆನಪಿಟ್ಟುಕೊಂಡು ಮತ್ತೆ ಕ್ಷಣದಲ್ಲಿ ಕಟ್ಟಿಕೊಡುವ ಆಟೊಬಿಲ್ಡ್ ಎಂಬ ಶಕ್ತಿಯೂ ಇರುವುದರಿಂದ ಇದು ಸದಾ ಕೈಯಳತೆಯಲ್ಲಿರುತ್ತದೆ.

ಇಲ್ಲಿ ವಿನ್ಯಾಸದ ಒಂದು ಹಳೆಯ ಸಮಸ್ಯೆ ಎದುರಾಗುತ್ತದೆ. ಸಾವಿರ ದಾರಿಗಳನ್ನು ತೆರೆದಿಟ್ಟು ಅವುಗಳಲ್ಲಿ ಒಂದು ಎಲ್ಲಕ್ಕಿಂತ ಅಗ್ಗವೂ ವೇಗವೂ ಆಗಿದ್ದರೆ, ಉಳಿದ ಒಂಬೈನೂರ ತೊಂಬತ್ತೊಂಬತ್ತು ಕೇವಲ ಇಷ್ಟಪಟ್ಟವರ ಪಾಲಿಗೆ ಉಳಿಯುತ್ತವೆ. ಇಷ್ಟಪಟ್ಟವರಿಗೆ ಇದು ಹಬ್ಬ: ಕಾಲಿಟ್ಟು ನಡೆಯುವ ಯಂತ್ರಗಳನ್ನು, ಬಾಂಬು ಸುರಿಯುವ ವಿಮಾನಗಳನ್ನು ಜನ ಕಟ್ಟಿದ್ದಾರೆ, ಮತ್ತು ಆ ಕಟ್ಟುವಿಕೆಯೇ ಅವರ ಆಟ. ಆದರೆ ಹಾರುವ ಬೈಕಿನ ಮೇಲೆ ಕುಳಿತವನಿಗೆ ತ್ರಿಕೋನ ಸೂತ್ರ ಲಾಗುವಾಗುವುದಿಲ್ಲ. ಮೇಲಿನಿಂದ ನೋಡುವಾಗ ಬೆಟ್ಟ ಏನನ್ನೂ ಮರೆಮಾಡುವುದಿಲ್ಲ. ಏರುವುದೋ ಬಳಸುವುದೋ ಎಂಬ ಪ್ರಶ್ನೆಯೂ ಏಳುವುದಿಲ್ಲ. ಮಳೆ ಬಂದರೆ ಬರಲಿ. ಮೊದಲನೆಯ ಆಟದಲ್ಲಿ ನಕ್ಷೆಯ ಎರಡು ಬಿಂದುಗಳ ನಡುವೆ ಒಂದು ಸಂಜೆ ಕಳೆಯುತ್ತಿತ್ತು, ಇಲ್ಲಿ ಎರಡು ನಿಮಿಷ ಸಾಕು. ಮೊದಲನೆಯದರಲ್ಲಿಯೂ ಹಕ್ಕಿಗಳ ನಾಡಿನ ಸಾಹಸ ಮುಗಿಸಿದವರಿಗೆ ಗಾಳಿಯಲ್ಲಿ ನೇರ ಮೇಲೇಳುವ ವರವೊಂದು ಸಿಗುತ್ತಿತ್ತು ನಿಜ, ಅದು ಹತ್ತುವಿಕೆಯನ್ನು ಸಡಿಲಿಸಿದ್ದೂ ನಿಜ. ಆದರೆ ಅದು ಮೂರು ಬಾರಿ ಬಳಸಿದ ಮೇಲೆ ಕೆಲವು ನಿಮಿಷ ವಿರಮಿಸುತ್ತಿತ್ತು, ಮತ್ತು ಅದನ್ನು ಗಳಿಸುವ ಹೊತ್ತಿಗೆ ನೆಲದ ಪರಿಚಯ ಪಾದಗಳಿಗೆ ಆಗಿಯೇ ಇರುತ್ತಿತ್ತು.

ಉತ್ತರಭಾಗದ ನಿರ್ಮಾಪಕರಿಗೆ ಇದು ಕಾಣದೆ ಇರಲಿಲ್ಲ ಎಂಬುದಕ್ಕೆ ಪಾತಾಳಲೋಕವೇ ಸಾಕ್ಷಿ ಎಂದು ನಾನು ಭಾವಿಸುತ್ತೇನೆ. ಹೈರೂಲ್‌ನ ಕೆಳಗೆ, ಅಷ್ಟೇ ವಿಸ್ತಾರವಾಗಿ, ಕಣ್ಣು ಕಾಣದ ಕತ್ತಲೆಯ ಒಂದು ಜಗತ್ತಿದೆ. ಹೊಳೆಯುವ ಬೀಜಗಳನ್ನು ಎಸೆದುಕೊಂಡು ಬೆಳಕು ಮಾಡಿಕೊಂಡು ಹೋಗಬೇಕು; ನೆಲಕ್ಕೆ ಮೆತ್ತಿರುವ ಕೆಂಪು ಕಲ್ಮಷವನ್ನು ತುಳಿದರೆ ಜೀವದ ಮಿತಿಯೇ ಕುಗ್ಗುತ್ತದೆ. ಮೇಲೆ ಬೆಟ್ಟವಿದ್ದಲ್ಲಿ ಕೆಳಗೆ ಕಣಿವೆಯಿದೆ, ಮೇಲೆ ನೀರಿದ್ದಲ್ಲಿ ಕೆಳಗೆ ಗೋಡೆಯಿದೆ. ಕತ್ತಲೆಯನ್ನು ಓಡಿಸುವ ಬೆಳಕಿನ ಬೇರುಗಳು 120. ಒಂದೊಂದೂ ನೆಲದ ಮೇಲಿನ ಒಂದೊಂದು ಶ್ರೈನ್‌ನ ನೇರ ಕೆಳಗಿದೆ, ಅದರ ಹೆಸರು ಆ ಶ್ರೈನ್‌ನ ಹೆಸರನ್ನು ಹಿಂದಿನಿಂದ ಮುಂದಕ್ಕೆ ಬರೆದಂತಿದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ಎರಡು ನಕ್ಷೆಗಳನ್ನು ಹೋಲಿಸುತ್ತಾ ಕುಳಿತವನಿಗೆ ಹೊಳೆಯುತ್ತದೆ, ಹೊಳೆದ ಮೇಲೆ ಮೇಲಿನದರಿಂದ ಕೆಳಗಿನದನ್ನೂ ಕೆಳಗಿನದರಿಂದ ಮೇಲಿನದನ್ನೂ ಹುಡುಕಬಹುದು. ಮೊದಲ ಆಟವು ನೆಲವನ್ನು ಓದಲು ಕಲಿಸಿದಂತೆ ಇದು ಎರಡು ನೆಲಗಳನ್ನು ಒಟ್ಟಿಗೆ ಓದಲು ಕಲಿಸುತ್ತದೆ. ಮೊದಲ ಕೆಲವು ಗಂಟೆ ಪಾತಾಳದಲ್ಲಿ ದೂರಕ್ಕೆ ಮತ್ತೆ ಬೆಲೆ ಬರುತ್ತದೆ, ಭಯವೂ ಬರುತ್ತದೆ. ನಂತರ ಒಂದು ಮೂಲೆ ಇನ್ನೊಂದು ಮೂಲೆಯಂತೆಯೇ ಕಾಣತೊಡಗುತ್ತದೆ. ಆಕಾಶದ ದ್ವೀಪಗಳದ್ದೂ ಇದೇ ಕಥೆ: ಆರಂಭದ ದೊಡ್ಡ ದ್ವೀಪ ಅದ್ಭುತ, ಉಳಿದವು ವಿರಳ ಮತ್ತು ಒಂದರಂತೆ ಇನ್ನೊಂದು.

ಶ್ರೈನ್‌ಗಳ ಸಂಖ್ಯೆ 120ರಿಂದ 152ಕ್ಕೆ ಏರಿದೆ. ಇವುಗಳಲ್ಲಿ ಎರಡನೆಯ ಆಟ ಸ್ಪಷ್ಟವಾಗಿ ಮುಂದಿದೆ, ಏಕೆಂದರೆ ಒಂದು ಒಗಟಿಗೆ ನಾಲ್ಕಾರು ಉತ್ತರಗಳು ಸಾಧ್ಯ, ತಪ್ಪು ಉತ್ತರವೂ ಹಲವು ಬಾರಿ ಫಲಿಸುತ್ತದೆ. ಗುರಾಣಿಗೆ ರಾಕೆಟ್ಟನ್ನು ಬೆಸೆದು ಇಡೀ ಒಗಟಿನ ಮೇಲಿಂದ ಹಾರಿ ಹೋದವನನ್ನೂ ಆಟ ತಡೆಯುವುದಿಲ್ಲ. ಮೊದಲ ಆಟದ ಈವೆಂಟೈಡ್ ದ್ವೀಪದಲ್ಲಿ ಕಾಲಿಟ್ಟೊಡನೆ ಆಯುಧ, ಬಟ್ಟೆ, ಆಹಾರ ಎಲ್ಲವನ್ನೂ ಕಸಿದುಕೊಂಡು ಬರಿಗೈಯಲ್ಲಿ ಬದುಕಿ ತೋರಿಸು ಎನ್ನುವ ಪರೀಕ್ಷೆಯೊಂದಿತ್ತು. ಆಡಿದವರಲ್ಲಿ ಅನೇಕರು ಮರೆಯದ ಪ್ರಸಂಗ ಅದು. ಉತ್ತರಭಾಗ ಅದೇ ವಿಚಾರವನ್ನು ಶ್ರೈನ್‌ಗಳ ಒಂದು ಬಗೆಯಾಗಿ ಮಾಡಿ ಹಲವು ಕಡೆ ಹಂಚಿದೆ. ಆ ಕೋಣೆಗಳು ಒಂದೊಂದೂ ಚೆನ್ನಾಗಿವೆ. ಆದರೆ ಸಮುದ್ರದ ನಡುವಿನ ದ್ವೀಪವೊಂದನ್ನು ದೂರದಿಂದ ಕಂಡು, ಅಲ್ಲಿಗೆ ಹೇಗಾದರೂ ತಲುಪಬೇಕೆಂದು ಹೊರಟು, ದಮ್ಮು ಮುಗಿಯುವಷ್ಟರಲ್ಲಿ ಮರಳಿಗೆ ಕಾಲೂರಿದಾಗ ಬರಿಗೈಯಾಗುವ ಆ ಆಘಾತ ಕೋಣೆಯೊಳಗೆ ಹುಟ್ಟುವುದಿಲ್ಲ.

ಕಥೆಯ ವಿಷಯದಲ್ಲಿಯೂ ಹಳೆಯ ಅಚ್ಚು ಹೊಸ ವಸ್ತುವಿಗೆ ಹೊಂದದ ತೊಂದರೆ ಇದೆ. ಮೊದಲ ಆಟದಲ್ಲಿ ದುರಂತವು ನೂರು ವರ್ಷಗಳ ಹಿಂದೆಯೇ ಮುಗಿದಿದೆ, ಲಿಂಕ್ ನೆನಪು ಕಳೆದುಕೊಂಡಿದ್ದಾನೆ, ಅಲ್ಲಲ್ಲಿ ಸಿಗುವ ನೆನಪಿನ ತುಣುಕುಗಳನ್ನು ಯಾವ ಕ್ರಮದಲ್ಲಿ ನೋಡಿದರೂ ಆಗುತ್ತದೆ, ಏಕೆಂದರೆ ಅವು ತಿಳಿಸುವುದು ಮುಂದೇನಾಯಿತು ಎಂಬುದನ್ನಲ್ಲ, ಕಳೆದುಕೊಂಡ ಜನ ಎಂಥವರಾಗಿದ್ದರು ಎಂಬುದನ್ನು. ಎರಡನೆಯದರಲ್ಲಿ ನಿಜವಾದ ಒಂದು ರಹಸ್ಯವಿದೆ: ನಾಡಿನ ರಾಜಕುಮಾರಿ ಜೆಲ್ಡಾ ಎಲ್ಲಿ ಹೋದಳು? ಅದರ ಉತ್ತರವನ್ನೂ ನೆಲದ ಮೇಲಿನ ಬೃಹತ್ ಚಿತ್ರಗಳೊಳಗೆ ತುಣುಕುಗಳಾಗಿ ಹಂಚಿ, ಯಾವುದನ್ನಾದರೂ ಮೊದಲು ನೋಡು ಎಂದು ಬಿಟ್ಟಿದ್ದಾರೆ. ಕೊನೆಯ ತುಣುಕು ಮೊದಲೇ ಸಿಕ್ಕವನಿಗೆ ರಹಸ್ಯ ಅಲ್ಲಿಗೇ ಒಡೆಯುತ್ತದೆ. ಆಮೇಲೆ ಊರಿನವರೆಲ್ಲ ಅವಳನ್ನು ಹುಡುಕುತ್ತಿರುವಾಗ ಉತ್ತರ ಬಲ್ಲ ಲಿಂಕ್ ತುಟಿ ಬಿಚ್ಚದೆ ನಿಂತಿರುತ್ತಾನೆ. ದೇವಾಲಯಗಳಲ್ಲಿ ಎದುರಾಗುವ ಪ್ರಾಚೀನ ಋಷಿಗಳು ಒಂದೇ ಯುದ್ಧದ ಒಂದೇ ಕಥೆಯನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಹೇಳುವುದೂ ಇದರ ಇನ್ನೊಂದು ಪರಿಣಾಮ: ಯಾವ ದೇವಾಲಯ ಮೊದಲಾಗುತ್ತದೋ ಗೊತ್ತಿಲ್ಲದ್ದರಿಂದ ಎಲ್ಲರೂ ಮೊದಲಿನಿಂದಲೇ ಹೇಳಬೇಕು. ಇಷ್ಟಿದ್ದರೂ ಆ ಕಥೆಯ ಅಂತ್ಯ ಮೊದಲನೆಯದಕ್ಕಿಂತ ಎಷ್ಟೋ ಎತ್ತರದ್ದು. ಕೊನೆಯ ಕಾಳಗ ಮತ್ತು ಅದರ ನಂತರದ ಕೆಲವು ಕ್ಷಣಗಳು ಈ ಸರಣಿಯಲ್ಲಿಯೇ ಅತ್ಯುತ್ತಮವೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಏಕಾಂತದ ಬಗ್ಗೆ ಒಂದು ಮಾತು ಉಳಿದಿದೆ. ಮೊದಲ ಆಟದ ಹೈರೂಲ್ ಹಾಳು ಬಿದ್ದ ನಾಡು. ಅಲ್ಲಲ್ಲಿ ಪಿಯಾನೊದ ನಾಲ್ಕು ಸ್ವರ ಕೇಳಿ ನಿಂತುಹೋಗುತ್ತದೆ, ಉಳಿದದ್ದೆಲ್ಲ ಗಾಳಿ, ಹುಲ್ಲು, ಹೆಜ್ಜೆಯ ಸದ್ದು. ಎರಡನೆಯದರಲ್ಲಿ ಜನ ಮರಳಿ ಬಂದಿದ್ದಾರೆ: ಕೋಟೆಯ ಮುಂದೆ ಶಿಬಿರವಿದೆ, ದಾರಿಗಳಲ್ಲಿ ಸಂಶೋಧಕರಿದ್ದಾರೆ, ನಾಡಿನ ಉದ್ದಗಲಕ್ಕೂ ಒಬ್ಬ ಬಡಪಾಯಿ ತನ್ನ ಯಜಮಾನನ ಹೆಸರಿನ ಫಲಕವನ್ನು ಬೀಳದಂತೆ ಹಿಡಿದುಕೊಂಡು ನಿಂತಿರುತ್ತಾನೆ, ಪಕ್ಕದಲ್ಲಿ ಬಿದ್ದಿರುವ ಹಲಗೆ ಕಂಬಗಳಿಂದ ನಾವು ಅದಕ್ಕೊಂದು ಆಸರೆ ಕಟ್ಟಿಕೊಡಬೇಕು. ಕೈಗೆ ಕೆಲಸ ಕೊಡುವ ಈ ಆಟಕ್ಕೆ ಇಂಥ ಜನಭರಿತ ನಾಡೇ ತಕ್ಕದ್ದು. ಮೊದಲನೆಯದು ಕಾಲಿಗೆ ಕೆಲಸ ಕೊಟ್ಟ ಆಟ. ಅದಕ್ಕೆ ಮೌನ ಬೇಕಿತ್ತು. ನನ್ನ ಒಲವು ಕೇಳಿದರೆ ಅದು ಮೊದಲನೆಯದರ ಕಡೆಗಿದೆ, ಎರಡನೆಯದನ್ನು ಕಟ್ಟಿದವರ ಕೌಶಲ ದೊಡ್ಡದೆಂದು ಒಪ್ಪಿಕೊಂಡೇ.

2025ರ ಜೂನ್‌ನಲ್ಲಿ ಸ್ವಿಚ್ 2 ಯಂತ್ರದೊಂದಿಗೆ ಎರಡೂ ಆಟಗಳ ಹೊಸ ಆವೃತ್ತಿಗಳು ಬಂದವು; ಹಿಂದೆ ಸೆಕೆಂಡಿಗೆ 30 ಚಿತ್ರಚೌಕಟ್ಟುಗಳಲ್ಲಿ ಓಡುತ್ತಿದ್ದವು ಈಗ 60ರಲ್ಲಿ ಓಡುತ್ತವೆ. ಈ ನೆಪದಲ್ಲಿ ಎರಡನೆಯದನ್ನು ಮುಗಿಸಿ ಮೊದಲನೆಯದಕ್ಕೆ ಮರಳಿದಾಗ ನನಗೆ ಮೊದಲು ಅಡ್ಡ ಬಂದದ್ದು ಶತ್ರುವಲ್ಲ, ಒಂದು ಚಾಚುಬಂಡೆ. ಅದರ ಕೆಳಗೆ ನಿಂತು ಅಭ್ಯಾಸಬಲದಿಂದ ಬೆರಳು ಅಸೆಂಡ್ ಶಕ್ತಿಯ ಗುಂಡಿಯತ್ತ ಹೋಯಿತು. ಅಂಥ ಶಕ್ತಿ ಅಲ್ಲಿರಲಿಲ್ಲ. ಬಂಡೆಯನ್ನು ಬಳಸಿಕೊಂಡು ಎಡಕ್ಕೆ ಹೊರಟೆ, ಅಷ್ಟರಲ್ಲಿ ಮಳೆ ಹಿಡಿಯಿತು, ನಿಲ್ಲಲೆಂದು ಕಾಯುತ್ತಾ ನಿಂತ ಜಾಗದಿಂದ ಕೆಳಗಿನ ಕಣಿವೆಯಲ್ಲಿ, ಈ ಹಿಂದೆ ಎಂದೂ ಗಮನಿಸದಿದ್ದ ಒಂದು ಶ್ರೈನ್ ಮಂಜಿನೊಳಗೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು.